ಎಂಜಲು, ಬಿಟ್ಟಿ ಮತ್ತು ಒಂದು ಬೆಂಕಿ ಪಾತ್ರೆಯ ಚರಿತ್ರೆ

ಹಾಟ್‌ಪಾಟ್ ಅಂದ ತಕ್ಷಣ ನಮ್ಮ ಕಡೆ ನೆನಪಾಗೋದು ಮದುವೆಗೆ ಉಡುಗೊರೆ ಬರುವ ಪ್ಲಾಸ್ಟಿಕ್ ಡಬ್ಬಿ. ಚಪಾತಿ ಬಿಸಿಯಾಗಿಡೋದು. ನಾನು ಹೇಳ್ತಿರೋದು ಅದಲ್ಲ, ಚೀನೀಯರ ಹಾಟ್‌ಪಾಟ್. ಅವರ ಮಾತಿನಲ್ಲಿ ‘ಹುವೋಗುವೋ’, ಅಂದ್ರೆ ಬೆಂಕಿ ಪಾತ್ರೆ. ಮೇಜಿನ ನಡುವೆ ಒಲೆ, ಒಲೆ ಮೇಲೆ ಕುದಿಯುವ ಎಸರು. ಸುತ್ತ ಕೂತವರು ಹಸಿ ಮಾಂಸದ ಚೂರು, ಸೊಪ್ಪು, ಮೀನು, ಏನು ಬೇಕೋ ಅದನ್ನ ತಮ್ಮ ತಮ್ಮ ಕಡ್ಡಿಯಲ್ಲಿ ಹಿಡಿದು ಅದೇ ಎಸರಿಗೆ ಅದ್ದಿ, ಬೇಯಿಸಿಕೊಂಡು ತಿನ್ನುತ್ತಾರೆ. ಅದೇ ಕಡ್ಡಿ ಬಾಯಿಗೆ, ಅದೇ ಕಡ್ಡಿ ಮತ್ತೆ ಪಾತ್ರೆಗೆ.

ಈ ಕೊನೆಯ ಸಾಲನ್ನು ಇನ್ನೊಂದು ಸಲ ಓದಿ. ನಮ್ಮ ದೇಶದಲ್ಲಿ ಇದಕ್ಕೊಂದು ಹೆಸರಿದೆ. ಎಂಜಲು. ಈ ಒಂದು ಪದ ಇಟ್ಟುಕೊಂಡು ಎಷ್ಟು ಮನೆ, ಎಷ್ಟು ಹೋಟೆಲು, ಎಷ್ಟು ಬಾವಿಗಳಿಂದ ನಮ್ಮನ್ನು ಆಚೆ ನಿಲ್ಲಿಸಿದರು ಅನ್ನೋದು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಹಾಗಾಗಿ ಈ ಪಾತ್ರೆಯ ಚರಿತ್ರೆ ನನಗೆ ಬರೀ ತಿಂಡಿಯ ಚರಿತ್ರೆಯಾಗಿ ಕಾಣಲಿಲ್ಲ. ಸ್ವಲ್ಪ ಉದ್ದ ಬರೀತಿದ್ದೀನಿ, ಪುರುಸೊತ್ತಾಗಿ ಓದಿ.

ಹೋದ ಚಳಿಗಾಲದಲ್ಲಿ ಒಂದು ಸಭೆಗೆ ಅಂತ ಕಲ್ಕತ್ತೆಗೆ ಹೋಗಿದ್ದೆ. ಸಭೆ ಮುಗಿದ ಮೇಲೆ ಅಲ್ಲಿನ ಗೆಳೆಯರೊಬ್ಬರು ಹಳೇ ಚೀನೀ ಹೋಟೆಲೊಂದಕ್ಕೆ ಕರ್ಕೊಂಡು ಹೋದ್ರು. ಮೂಲ ಬಿಹಾರದವರು, ಚಮಾರ್ ಸಮುದಾಯದವರು, ಮೂರು ತಲೆಮಾರಿನಿಂದ ಅಲ್ಲೇ ಇದ್ದಾರೆ. ಹೋಟೆಲಿಗೆ ಬಣ್ಣ ಹೊಡೆದು ಎಷ್ಟು ವರ್ಷವಾಗಿತ್ತೋ. ಮೊದಲೇ ಫೋನ್ ಮಾಡಿ ಹೇಳಿಟ್ಟಿದ್ದಕ್ಕೆ ‘ಚಿಮ್ನಿ ಸೂಪ್’ ಸಿಕ್ಕಿತು. ಕಲ್ಕತ್ತೆಯಲ್ಲಿ ಹಾಟ್‌ಪಾಟಿಗೆ ಇರುವ ಹೆಸರೇ ಅದು. ನಡುವೆ ಕೊಳವೆ ಇರುವ ಪಾತ್ರೆ, ಕೊಳವೆಯೊಳಗೆ ಇದ್ದಿಲ ಕೆಂಡ, ಸುತ್ತ ಕುದಿಯುವ ಸಾರು, ಸಾರಿನಲ್ಲಿ ಕೋಳಿ, ಸೀಗಡಿ, ಮೀನು, ಮೊಟ್ಟೆ, ಸೊಪ್ಪು. ಇಲ್ಲಿ ಕಡ್ಡಿ ಅದ್ದೋದಿಲ್ಲ, ಸೌಟಿನಲ್ಲಿ ಬಟ್ಟಲಿಗೆ ಹಾಕ್ಕೊಳ್ಳೋದು. ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬ ಮಾತ್ರ ತಾನು ಕಚ್ಚಿದ ಫೋರ್ಕನ್ನೇ ಪಾತ್ರೆಗೆ ಹಾಕಿ ಸೀಗಡಿ ಎತ್ತಿದ. ಯಾರೂ ಏನೂ ಅನ್ನಲಿಲ್ಲ. ನಾಲ್ಕು ಜನ ಹೊಟ್ಟೆ ತುಂಬ ತಿಂದಿದ್ದಕ್ಕೆ ತಲಾ 300 ರೂಪಾಯಿ ಒಳಗೇ ಆಯಿತು.

ತಿನ್ನುತ್ತಾ ನಾನು ಕೇಳಿದೆ, ಚೀನೀಯರು ಇಲ್ಲಿಗ್ಯಾಕೆ ಬಂದ್ರು ಅಂತ. ಗೆಳೆಯರು ತಮ್ಮ ಕಾಲಿನ ಕಡೆ ಕೈ ತೋರಿಸಿದ್ರು. ಬೂಟು.

ಬೆಂಗಳೂರಿನ ಯಾವ ತಳ್ಳುಗಾಡಿಗೆ ಹೋದ್ರೂ ‘ಹಕ್ಕಾ ನೂಡಲ್ಸ್’ ಅಂತ ಬೋರ್ಡಿರುತ್ತೆ. ಹಕ್ಕಾ ಅಂದ್ರೆ ಮಸಾಲೆ ಹೆಸರಲ್ಲ, ಒಂದು ಜನದ ಹೆಸರು. ದಕ್ಷಿಣ ಚೀನಾದಲ್ಲಿ ವಲಸೆ ಬಂದು ನೆಲೆಸಿದವರು. ‘ಅತಿಥಿ ಮನೆತನದವರು’ ಅನ್ನೋದು ಆ ಪದದ ಅರ್ಥ. ಅಂದ್ರೆ ತಮ್ಮ ದೇಶದಲ್ಲೇ ಹೊರಗಿನವರು ಅನ್ನಿಸಿಕೊಂಡವರು. 18ನೇ ಶತಮಾನದ ಕೊನೆಗೆ ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಅಚ್ಯೂ ಎಂಬ ಚೀನೀ ವ್ಯಾಪಾರಿ ಹೂಗ್ಲಿ ದಂಡೆಯಲ್ಲಿ ಜಮೀನು ಪಡೆದು ಸಕ್ಕರೆ ಗಿರಣಿ ಹಾಕಿದ. ಅವನ ಹೆಸರಿನ ಅಚಿಪುರ ಈಗಲೂ ಇದೆ. ಆಮೇಲೆ ಬಂದ ಚೀನೀಯರಲ್ಲಿ ಕ್ಯಾಂಟನ್ ಕಡೆಯವರು ಬಡಗಿ ಕೆಲಸ ಹಿಡಿದರು. ಹಕ್ಕಾಗಳು ಚಪ್ಪಲಿ, ಬೂಟು ಹೊಲಿಯೋಕೆ ಕೂತರು, ಅಲ್ಲಿಂದ ತೊಗಲು ಹದ ಮಾಡುವ ಕೆಲಸಕ್ಕೆ ಇಳಿದರು. 20ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಪೂರ್ವ ಅಂಚಿನ ಜೌಗು ಪ್ರದೇಶ ಟಾಂಗ್ರಾದಲ್ಲಿ ಅವರ ಹದಮನೆಗಳು ಎದ್ದವು. ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಬೂಟಿಗೆ ಬೇಡಿಕೆ ಬಂದಾಗ ಕೆಲಸ ಬೆಳೀತು.

ಹಕ್ಕಾಗಳಿಗೆ ತೊಗಲೇ ಯಾಕೆ ಸಿಕ್ತು? ಎಲ್ಲೆನ್ ಆಕ್ಸ್‌ಫೆಲ್ಡ್ ಅನ್ನೋ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಟಾಂಗ್ರಾದಲ್ಲೇ ಇದ್ದು ಅಧ್ಯಯನ ಮಾಡಿ, 1993ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅವರು ಹೇಳುವ ಕಾರಣ ನಮಗೆ ಹುಟ್ಟಿದಾಗಿನಿಂದ ಗೊತ್ತಿರೋದೇ. ಸವರ್ಣೀಯರು ಮುಟ್ಟದ ಕೆಲಸ ಅದು. ಹಣ ಇದ್ದವರೂ ಮೈಲಿಗೆ ಅಂತ ಬಿಟ್ಟ ಜಾಗ ಖಾಲಿ ಇತ್ತು. ಜಾತಿ ಇಲ್ಲದ ಪರದೇಶದವರು ಬಂದು ಅಲ್ಲಿ ಕೂತರು. ಕೂತ ಮೇಲೆ ಹಸಿ ತೊಗಲಿಗೆ ಕೈ ಹಾಕಿದ್ದು ಯಾರು? ಬಿಹಾರದಿಂದ ಬಂದ ಚಮಾರರು. ಸುಣ್ಣದ ಗುಂಡಿಯಲ್ಲಿ ನಿಂತವರು, ಕೂದಲು ಕೆರೆದವರು, ಒದ್ದೆ ತೊಗಲು ಹೊತ್ತವರು ಅವರೇ.

ನನ್ನ ತಾತ ತಂಗಡಿ ಚಕ್ಕೆ ಹಾಕಿ ತೊಗಲು ಹದ ಮಾಡ್ತಿದ್ದವನು. ಕಪಿಲೆ ಬಾನಿ, ಮಿಣಿ, ಮೆಟ್ಟು, ಎಲ್ಲಾ ಮಾಡಿಕೊಟ್ಟು ಸುಗ್ಗಿಯಲ್ಲಿ ಒಂದಿಷ್ಟು ರಾಗಿ ತರ್ತಿದ್ದ. ಅದೇ ಕಪಿಲೆ ಬಾನಿಯಲ್ಲಿ ಎತ್ತಿದ ನೀರು ಊರವರಿಗೆ ಮೈಲಿಗೆ ಆಗ್ತಿರಲಿಲ್ಲ. ಬಾನಿ ಮಾಡಿದವನು ಬಾವಿ ಕಟ್ಟೆ ಹತ್ತಿದ್ರೆ ಮಾತ್ರ ಆಗ್ತಿತ್ತು. ಹಾಗಾಗಿ ಗೆಳೆಯರು ಆ ಹೋಟೆಲಿನಲ್ಲಿ ಸುಣ್ಣದ ಗುಂಡಿಯ ವಾಸನೆ ಬಗ್ಗೆ ಹೇಳುವಾಗ ನನಗೆ ಅನುವಾದ ಬೇಕಾಗಲಿಲ್ಲ.

ಅವರು ಇನ್ನೊಂದು ಮಾತು ಹೇಳಿದ್ರು. ಅವರ ತಾತ ಟಾಂಗ್ರಾದ ಒಂದು ಹದಮನೆಯಲ್ಲಿ ಮೂವತ್ತು ವರ್ಷ ದುಡಿದರಂತೆ. ಚೀನೀ ಹೊಸ ವರ್ಷಕ್ಕೆ ಧಣಿ ಮನೆಯವರು ಊಟಕ್ಕೆ ಕರೆದರೆ ಹೋಗ್ತಿರಲಿಲ್ಲವಂತೆ. ಕಾರಣ? ‘ಅವರು ಏನು ಬೇಕಾದರೂ ತಿಂತಾರೆ.’ ಇದನ್ನು ಹೇಳಿ ಗೆಳೆಯರು ಜೋರಾಗಿ ನಕ್ಕರು, ನಾನೂ ನಕ್ಕೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ. ಏಣಿಯ ಕೊನೇ ಮೆಟ್ಟಿಲಲ್ಲಿ ನಿಂತವನಿಗೂ ಕಾಲ ಕೆಳಗೆ ಇನ್ನೊಂದು ಮೆಟ್ಟಿಲು ಇದೆ ಅಂತ ನಂಬಿಸಿಬಿಡುತ್ತೆ ಈ ವ್ಯವಸ್ಥೆ.

ಮುಂದಿನ ಕತೆ ಚುಟುಕಾಗಿ ಹೇಳ್ತೀನಿ. 1962ರ ಯುದ್ಧ ಬಂತು. ಮೂರು ಸಾವಿರದಷ್ಟು ಭಾರತೀಯ ಚೀನೀಯರನ್ನು ಹಿಡಿದು ರಾಜಸ್ತಾನದ ದೇವಳಿ ಕ್ಯಾಂಪಿಗೆ ಸಾಗಿಸಿದರು. ಹೆಂಗಸರು, ಮುದುಕರು, ಮಕ್ಕಳು ಕೂಡ. ಬಿಡುಗಡೆಯಾಗಿ ಬಂದವರಲ್ಲಿ ಅನೇಕರು ದೇಶ ಬಿಟ್ಟರು. 1996ರಲ್ಲಿ ಸುಪ್ರೀಂ ಕೋರ್ಟು ಮಾಲಿನ್ಯದ ಕಾರಣಕ್ಕೆ ಕಲ್ಕತ್ತೆಯ ಹದಮನೆಗಳು ನಗರದಿಂದ ಆಚೆ ಹೋಗಬೇಕು ಅಂತ ತೀರ್ಪು ಕೊಟ್ಟಿತು. ಬಾಂತಲಾದಲ್ಲಿ ಹೊಸ ಚರ್ಮೋದ್ಯಮ ಸಂಕೀರ್ಣ ಬಂತು. ಟಾಂಗ್ರಾದಲ್ಲಿ ತೊಗಲು ಒಣಗಿಸುತ್ತಿದ್ದ ಕಟ್ಟಡಗಳಲ್ಲಿ ಎಷ್ಟೋ ಹೋಟೆಲುಗಳಾದವು. ಈಗ ಪ್ರವಾಸಿಗರು ಹೋಗಿ ಚೀನೀ ಕಾಳಿ ಗುಡಿಯಲ್ಲಿ ನೂಡಲ್ಸ್ ಪ್ರಸಾದದ ಫೋಟೊ ತೆಗೆದು ಹಾಕ್ತಾರೆ. ಮಾಲೀಕನ ಮನೆತನದ ಹೆಸರು ಹೋಟೆಲ್ ಬೋರ್ಡಿನ ಮೇಲಾದರೂ ಉಳೀತು. ಸುಣ್ಣದ ಗುಂಡಿಯಲ್ಲಿ ನಿಂತವನ ಹೆಸರು ಯಾವ ಮೆನು ಕಾರ್ಡಲ್ಲೂ ಇಲ್ಲ.

ಊರಿಗೆ ಬಂದ ಮೇಲೂ ಆ ಪಾತ್ರೆ ತಲೆಯಲ್ಲೇ ಕುದೀತಿತ್ತು. ಚೀನಾದಲ್ಲಿ ಇದರ ಚರಿತ್ರೆ ಏನು ಅಂತ ಹುಡುಕಿದೆ. ಎಲ್ಲಾ ಕಡೆ ಇರುವ ಹಾಗೆ ಅಲ್ಲೂ ಎರಡು ಚರಿತ್ರೆ ಇದೆ. ಒಂದು ಅರಮನೆಯದು, ಒಂದು ಹೊಳೆ ದಂಡೆಯದು.

ಅರಮನೆಯದು ಬೇಗ ಸಿಗುತ್ತೆ. 1796ರಲ್ಲಿ ಚಿಯೆನ್‌ಲುಂಗ್ ದೊರೆ ಮಗನಿಗೆ ಪಟ್ಟ ಬಿಟ್ಟುಕೊಡುವಾಗ ಬೀಜಿಂಗಿನಲ್ಲಿ ಸಾವಿರಾರು ಹಿರಿಯರಿಗೆ ಔತಣ ಕೊಟ್ಟ. ಅದಕ್ಕೆ 1,550ಕ್ಕೂ ಹೆಚ್ಚು ಹಾಟ್‌ಪಾಟ್ ಇಟ್ಟಿದ್ದರು ಅಂತ ಹೇಳ್ತಾರೆ. ಮೊದಲ ದರ್ಜೆಯ ಮೇಜುಗಳಿಗೆ ಬೆಳ್ಳಿ ಮತ್ತು ತವರದ ಪಾತ್ರೆ, ಎರಡನೇ ದರ್ಜೆಯವರಿಗೆ ತಾಮ್ರದ್ದು. ಅಲ್ಲೂ ಪಂಕ್ತಿ ಭೇದ. ದೊರೆಗಳೆಲ್ಲಾ ಒಂದೇ.

ಇನ್ನೊಂದು ಚರಿತ್ರೆ ಚೊಂಗ್‌ಚಿಂಗ್ ಊರಿನದು. ಯಾಂಗ್ಟ್ಸಿ ಮತ್ತು ಜಿಯಾಲಿಂಗ್ ಹೊಳೆಗಳು ಕೂಡುವ ಬೆಟ್ಟದ ಊರು. ದೋಣಿಯಿಂದ ಇಳಿದ ಪ್ರತಿಯೊಂದು ಮೂಟೆಯನ್ನೂ ಮನುಷ್ಯನ ಹೆಗಲ ಮೇಲೆ ನೂರಾರು ಮೆಟ್ಟಿಲು ಹತ್ತಿಸಬೇಕಿತ್ತು. ಹಮಾಲರು, ಅಂಬಿಗರು, ದೋಣಿಗೆ ಹಗ್ಗ ಕಟ್ಟಿ ಪ್ರವಾಹದ ಎದುರು ಎಳೆಯುವವರು ದಂಡೆಯ ತುಂಬ ಇದ್ದರು. ಇವತ್ತು ಲೋಕವೆಲ್ಲಾ ಹೆಸರಾದ, ನಾಲಿಗೆ ಸುಡುವ ಕೆಂಪು ಹಾಟ್‌ಪಾಟ್ ಹುಟ್ಟಿದ್ದು ಇವರ ನಡುವೆ.

ಸಿಚುವಾನಿನ ಕಾದಂಬರಿಕಾರ ಲಿ ಜಿಯೆರೆನ್ ಇದನ್ನು 1940ರ ದಶಕದಲ್ಲಿ ಬರೆದಿಟ್ಟಿದ್ದಾರೆ. ಅವರು ಕೊಡುವ ವಿವರವನ್ನು ನನ್ನ ಮಾತಿನಲ್ಲಿ ಹೇಳ್ತೀನಿ. ಚೊಂಗ್‌ಚಿಂಗ್ ಪೇಟೆಯ ಎದುರು ದಂಡೆಯಲ್ಲಿ ಜಿಯಾಂಗ್‌ಬೆಯ್ ಅನ್ನೋ ಜಾಗ. ಅಲ್ಲಿ ಹೊರೆಗೋಲು ಹೊತ್ತು ಮಾರುವವರು ನೀರೆಮ್ಮೆಯ ಒಳಗಿನ ಭಾಗಗಳನ್ನು ಕೊಂಡು, ತೊಳೆದು, ಸ್ವಲ್ಪ ಬೇಯಿಸಿ, ಈಲಿ, ಬೋಟಿ ಎಲ್ಲಾ ಸಣ್ಣದಾಗಿ ಕುಯ್ದು ಇಟ್ಕೊಳ್ಳೋರು. ಹೊರೆಯ ಒಂದು ತುದಿಯಲ್ಲಿ ಮಣ್ಣಿನ ಒಲೆ. ಒಲೆ ಮೇಲೆ ಮನೆ ಮನೆಯಾಗಿ ಭಾಗ ಮಾಡಿದ ದೊಡ್ಡ ತಗಡಿನ ಬೋಗುಣಿ. ಅದರೊಳಗೆ ಖಾರದ, ಉಪ್ಪಿನ, ನಾಲಿಗೆ ಜುಮ್ಮೆನ್ನಿಸುವ ಎಸರು. (ಆ ಜುಮ್ಮಿಗೆ ಕಾರಣ ಸಿಚುವಾನ್ ಮೆಣಸು. ನಮ್ಮ ಕರಾವಳಿಯವರು ಮೀನಿಗೆ ಹಾಕೋ ಜುಮ್ಮನಕಾಯಿಯ ದಾಯಾದಿ ಅದು.) ಹೊಳೆ ದಂಡೆಯಲ್ಲಿ, ಸೇತುವೆ ಬಾಯಲ್ಲಿ ಮೈ ಬಗ್ಗಿಸಿ ದುಡಿಯುವವರು, ನಾಲ್ಕು ಕಾಸು ಬೇಡಿಕೊಂಡು ಇವತ್ತು ಮಾಂಸ ತಿನ್ನಬೇಕು ಅಂತ ಬಂದ ಭಿಕ್ಷುಕರು, ಎಲ್ಲಾ ಆ ಹೊರೆ ಸುತ್ತ ಕೂರೋರು. ತಲೆಗೊಂದು ಮನೆ. ಅದ್ದೋದು, ತಿನ್ನೋದು. ಎಷ್ಟು ಚೂರು ತಿಂದರೋ ಅಷ್ಟು ಚೂರಿಗೆ ದುಡ್ಡು.

ನಾನು ಇದನ್ನು ಓದಿ ಬಹಳ ಹೊತ್ತು ಯೋಚನೆ ಮಾಡಿದೆ. ಹಮಾಲ, ಭಿಕ್ಷುಕ, ಒಂದೇ ಬೋಗುಣಿ. ಬೋಗುಣಿಗೆ ಅಡ್ಡಗೋಡೆ ಇತ್ತು ನಿಜ. ಆದರೆ ಯಾರ ಚೂರು ಯಾವುದು ಅಂತ ಲೆಕ್ಕ ತಪ್ಪದೇ ಇರಲಿ ಅಂತ ಇದ್ದ ಗೋಡೆ ಅದು, ಯಾರು ಯಾರನ್ನೂ ಮುಟ್ಟಬಾರದು ಅಂತ ಇದ್ದದ್ದಲ್ಲ. ಇವತ್ತಿಗೂ ಚೊಂಗ್‌ಚಿಂಗಿನಲ್ಲಿ ಒಂಬತ್ತು ಮನೆಯ ಪಾತ್ರೆ ಇದೆ. ಪಾತ್ರೆಯೊಳಗೆ ಚೌಕಟ್ಟು ಇಳಿಸಿರ್ತಾರೆ ಅಷ್ಟೇ, ಕೆಳಗೆ ಎಸರು ಒಂದೇ.

ಲಿ ಜಿಯೆರೆನ್ ಇನ್ನೊಂದು ಮಾತು ಸೇರಿಸ್ತಾರೆ. 1934ರಲ್ಲಿ ಚೊಂಗ್‌ಚಿಂಗ್ ಪೇಟೆಯೊಳಗಿನ ಒಂದು ಸಣ್ಣ ಹೋಟೆಲು ಈ ಊಟವನ್ನು ‘ಘನವಂತರದ್ದು’ ಮಾಡಿತಂತೆ. ಹೊರೆಯ ತುದಿಯಿಂದ ಮೇಜಿನ ಮೇಲೆ ಬಂತು. ಮಣ್ಣಿನ ಒಲೆ ಹಾಗೇ ಉಳೀತು. ಮನೆ ಮನೆಯ ತಗಡಿನ ಬೋಗುಣಿ ಹೋಗಿ ತಾಮ್ರದ ಪುಟ್ಟ ಪಾತ್ರೆ ಬಂತು. ಕಾರಣ, ಒಂದು ಅವರವರ ರುಚಿ, ಇನ್ನೊಂದು ಶುಚಿ.

ಶುಚಿ! ಬಡವರ ಊಟ ಉಳ್ಳವರ ಮೇಜಿಗೆ ಹೋಗಬೇಕಾದರೆ ಮೊದಲು ಸ್ನಾನ ಮಾಡಿಸಬೇಕು ಅನ್ನೋದು ಎಲ್ಲಾ ದೇಶದಲ್ಲೂ ಇದೆ ಅಂತಾಯ್ತು. ಈಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಹಾಟ್‌ಪಾಟ್ ತಿನ್ನಬೇಕಾದ್ರೆ ಇಬ್ಬರಿಗೆ ಸಾವಿರಗಟ್ಟಲೆ ಬೇಕು. ತಲೆಗೊಂದು ಪುಟ್ಟ ಪಾತ್ರೆ ಇಡುವ ಕಡೆಯೂ ಇದೆ.

‘ಹೈಜೀನ್ ಬೇಡವಾ ಸಾರ್’ ಅಂತ ಕೇಳೋರು ಇದ್ದೇ ಇರ್ತೀರಿ. ಬೇಕು. ಚೀನಾದಲ್ಲೇ ಗಿರಾಕಿ ತಿಂದು ಉಳಿದ ಎಣ್ಣೆಯನ್ನು ಸೋಸಿ ಮತ್ತೆ ಮಾರಿ ಸಿಕ್ಕಿಬಿದ್ದ ಹೋಟೆಲುಗಳಿವೆ, ಅದು ಕಾನೂನಿನಲ್ಲೂ ತಪ್ಪು, ಆರೋಗ್ಯಕ್ಕೂ ತಪ್ಪು. ನಮ್ಮಲ್ಲೂ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ಆದೇಶ ಮಾಡಿದಾಗ ನಾನು ಸರಿ ಅಂದವನೇ. ಆದರೆ ಶುಚಿ ಬೇರೆ, ಮಡಿ ಬೇರೆ. ಶುಚಿಗೆ ಸೋಪು ಸಾಕು, ಬಿಸಿನೀರು ಸಾಕು. ಮಡಿಗೆ ಎದುರಿಗಿರುವವನ ಜಾತಿ ಗೊತ್ತಾಗಬೇಕು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣೀಯರು ಅದೇ ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಯಾವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸ್ತೀರಿ ಇದನ್ನ?

ನಮ್ಮೂರಿನ ಹೋಟೆಲಿಗೆ ಬರೋಣ. ಹೆಸರು ಬೇಡ, ಈಗ ಅದು ಇಲ್ಲ. ನನ್ನ ಅಪ್ಪ ಅಲ್ಲಿ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವನು. ಚಿಪ್ಪು ಹೋಟೆಲಿನ ಹಿಂದಿನ ಗೋಡೆಯ ಸಂದಿಯಲ್ಲಿ ಇರ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಟ್ಟು ಬರಬೇಕು. ಆಮೇಲೆ ಚಿಪ್ಪು ಹೋಗಿ ಅಲ್ಯುಮಿನಿಯಂ ಲೋಟ ಬಂತು. ಊರವರಿಗೆ ಗಾಜಿನ ಲೋಟ. ನಾನು ಹೈಸ್ಕೂಲಿಗೆ ಹೋಗುವಾಗ ಇದ್ದದ್ದು ಆ ಎರಡು ಲೋಟ. ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿಯಲ್ಲಿ ಅಂಗಡಿ, ಹೋಟೆಲುಗಳಿಗೆ ಯಾರನ್ನೂ ಜಾತಿ ಕಾರಣಕ್ಕೆ ತಡೆಯಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಸಂವಿಧಾನ ಬರೆಯುವವರು ‘ಹೋಟೆಲು’ ಅನ್ನೋ ಪದವನ್ನು ಬಿಡಿಸಿ ಬರೀಬೇಕಾಯ್ತು ಅಂದ್ರೆ ಯೋಚನೆ ಮಾಡಿ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೂ ಬಂತು. ಇಷ್ಟೆಲ್ಲಾ ಆದರೂ ಅಪ್ಪನ ಚಿಪ್ಪು ಗೋಡೆ ಸಂದಿಯಲ್ಲೇ ಇತ್ತು. ಈಗ ಪ್ಲಾಸ್ಟಿಕ್ ಕಪ್ಪು ಬಂದಿದೆ, ಎಲ್ಲರಿಗೂ ಎಸೆಯುವ ಕಪ್ಪು. ಸಮಾನತೆ ತಂದದ್ದು ಕಾಯ್ದೆಯೋ ಪ್ಲಾಸ್ಟಿಕ್ಕೋ ಅಂತ ನಮ್ಮ ಹುಡುಗರು ತಮಾಷೆ ಮಾಡ್ತಾರೆ.

ಚೊಂಗ್‌ಚಿಂಗ್ ಹಮಾಲರು ತಿಂದ ಚೂರಿಗೆ ‘ಮಾವೊ ದು’ ಅಂತಾರೆ, ಕೂದಲಿನ ಹೊಟ್ಟೆ ಅಂತ ಅರ್ಥ. ಟರ್ಕಿ ಟವಲಿನ ಥರ ಇರುತ್ತಲ್ಲ, ಅದೇ ನಮ್ಮ ಬೋಟಿ. ನಮ್ಮ ಅವ್ವ ಸುಣ್ಣ ಹಾಕಿ, ಬಿಸಿನೀರಲ್ಲಿ ಅದ್ದಿ, ಚಾಕುವಿನ ಬೆನ್ನಲ್ಲಿ ಕೆರೆದೂ ಕೆರೆದೂ ಬಿಳಿ ಮಾಡೋಳು. ಒಂದು ಬೆಳಗ್ಗೆ ಪೂರ್ತಿ ಬೇಕು. ಅಷ್ಟು ತೊಳೆದ ಪದಾರ್ಥ ಊರಲ್ಲಿ ಇನ್ನೊಂದಿರಲಿಲ್ಲ, ಆದರೂ ನಮ್ಮನ್ನು ಗಲೀಜು ಅಂದ್ರು. ಸಿಟಿಗೆ ಬಂದ ಮೇಲೆ ಬಾಡಿಗೆ ಮನೆಯಲ್ಲಿ ಅದನ್ನು ಬೇಯಿಸೋಕೆ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿದ್ದೇವೆ. ಅದೇ ಬೋಟಿಯನ್ನು ಚೀನೀ ಹೆಸರಿಟ್ಟು ಕರಿ ಕಲ್ಲಿನ ತಟ್ಟೆಯಲ್ಲಿ ತಂದಿಟ್ರೆ ಫೋಟೊ ತೆಗೀತಾರೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ‘ನಮ್ಮ ಊಟ ನಮ್ಮ ಹೆಮ್ಮೆ’ ಅಂತ ಪೋಸ್ಟ್ ಹಾಕೋದು ಸುಲಭ, ನಾನೂ ಹಾಕ್ತೀನಿ. ಬಾಬಾಸಾಹೇಬರು ಮಹಾಡಿನಲ್ಲಿ ನೀರಿನ ಮಾತು ಮಾತ್ರ ಆಡಲಿಲ್ಲ. ಸತ್ತ ದನದ ಮಾಂಸ ತಿನ್ನೋದು ಬಿಡಿ, ಎಂಜಲಿಗೆ ಕೈ ಒಡ್ಡೋದು ಬಿಡಿ ಅಂದರು. ಕೆಲವರು ಇದನ್ನು ಹಿಡಿದು ‘ನೋಡಿ, ಅಂಬೇಡ್ಕರರೇ ಬೇಡ ಅಂದಿದ್ದಾರೆ’ ಅಂತಾರೆ. ಅವರಿಗೆ ಅರ್ಥವಾಗಿಲ್ಲ ಅಥವಾ ಅರ್ಥವಾಗದ ಹಾಗೆ ನಟಿಸ್ತಾರೆ. ಊರಲ್ಲಿ ದನ ಸತ್ತರೆ ಎಳೆದುಕೊಂಡು ಹೋಗೋದು ನಮ್ಮ ಮೇಲೆ ಹೊರಿಸಿದ ಚಾಕರಿ. ಮಾಂಸ ಅದಕ್ಕೆ ಸಿಕ್ಕ ಕೂಲಿ. ಹಬ್ಬದ ಮಾರನೇ ದಿನ ಮನೆ ಮುಂದೆ ನಿಂತು ತಂದ ತಂಗಳು ನಮ್ಮ ಬಿಟ್ಟಿ ದುಡಿಮೆಗೆ ಸಿಕ್ಕ ಸಂಬಳ. ಬಿಟ್ಟಿ ಅನ್ನೋ ಪದ ನೋಡಿ, ಪುಕ್ಕಟೆ ಸಿಕ್ಕಿದ್ದಕ್ಕೂ ಬಿಟ್ಟಿ, ಪುಕ್ಕಟೆ ದುಡಿದದ್ದಕ್ಕೂ ಬಿಟ್ಟಿ. ಬಾಬಾಸಾಹೇಬರು ಮುರಿಯೋಕೆ ಹೊರಟಿದ್ದು ಈ ಬಿಟ್ಟಿಯನ್ನ. ಮರು ವರ್ಷ, 1928ರಲ್ಲಿ, ಮಹಾರ್ ವತನಿನ ಚಾಕರಿ ತೊಲಗಿಸೋಕೆ ಮುಂಬಯಿ ಶಾಸನ ಸಭೆಯಲ್ಲಿ ಮಸೂದೆ ಮಂಡಿಸಿದ್ದೂ ಇದಕ್ಕೇ.

ಈಗ ಜಿಯಾಂಗ್‌ಬೆಯ್ ದಂಡೆಯ ಹಮಾಲನನ್ನು ಪಕ್ಕಕ್ಕಿಟ್ಟು ನೋಡಿ. ಅವನೂ ಉಳ್ಳವರು ಬೇಡ ಅಂದ ಭಾಗವನ್ನೇ ತಿಂದ. ಬಡತನ ಏನೂ ಕಮ್ಮಿ ಇರಲಿಲ್ಲ. ಆದರೆ ಅವನು ಚೂರು ಎಣಿಸಿ, ಕಾಸು ಎಣಿಸಿ ಕೊಟ್ಟು ಎದ್ದ. ಭಿಕ್ಷುಕ ಕೂಡ ಅಲ್ಲಿ ಗಿರಾಕಿ. ನಾಲ್ಕು ಚೂರು ಸಾಕು ಅನ್ನಬಹುದು, ಇವತ್ತು ಈಲಿ ಬೇಡ ಅನ್ನಬಹುದು. ಅಗ್ಗದ ಊಟಕ್ಕೂ ಬಿಟ್ಟಿ ಊಟಕ್ಕೂ ಇರುವ ವ್ಯತ್ಯಾಸ ಇದು. ಅಪ್ಪ ಆ ಹೋಟೆಲಿನಲ್ಲಿ ಟೀಗೆ ಊರವರಷ್ಟೇ ಕಾಸು ಕೊಡ್ತಿದ್ದ. ಕಾಸು ಗಲ್ಲಾ ಪೆಟ್ಟಿಗೆಗೆ ಹೋಗ್ತಿತ್ತು, ಚಿಪ್ಪು ಗೋಡೆ ಸಂದಿಗೆ. ಜಾತಿ ಇರುವ ಕಡೆ ದುಡ್ಡು ಕೊಟ್ಟರೂ ಗಿರಾಕಿ ಆಗೋಕಾಗಲ್ಲ.

ಇನ್ನು ಅಗ್ಗ ಅನ್ನೋದೂ ಕೈ ತಪ್ಪಿ ಹೋಗ್ತಿದೆ. ಕರ್ನಾಟಕದಲ್ಲಿ 1964ರ ಕಾಯ್ದೆ ಪ್ರಕಾರ ವಯಸ್ಸಾದ ಎತ್ತು, ಎಮ್ಮೆ, ಕೋಣ ಕಡಿಯೋಕೆ ಅವಕಾಶ ಇತ್ತು. 2020ರ ಕಾಯ್ದೆ ಬಂದ ಮೇಲೆ 13 ವರ್ಷ ಮೀರಿದ ಎಮ್ಮೆ, ಕೋಣ ಬಿಟ್ಟು ಉಳಿದದ್ದೆಲ್ಲಾ ಅಪರಾಧ. ಮೊದಲ ಸಲಕ್ಕೇ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ನಮ್ಮ ಕೇರಿಯ ಅಂಗಡಿಯಲ್ಲಿ ಆಮೇಲೆ ಬೆಲೆ ಏರಿದ್ದು ನನ್ನ ಕಣ್ಣೆದುರು. ಅಂಗಡಿಯವನಿಗೆ ಮಾಲು ತರೋಕೆ ಭಯ. ಕೂಲಿಯವನು ವಾರಕ್ಕೊಮ್ಮೆ ಅರ್ಧ ಕೇಜಿ ತರ್ತಿದ್ದವನು ಈಗ ಬರೀ ಬೋಟಿ ಕೇಳ್ತಾನೆ. ಬೋಟಿ ಬೆಲೆಯೂ ಏರಿದೆ. ಯಾರು ಏನು ತಿನ್ನಬೇಕು ಅಂತ ಹಿಂದೆ ಊರ ಗೌಡ ಹೇಳ್ತಿದ್ದ, ಈಗ ಗೆಜೆಟ್ಟಿನಲ್ಲಿ ಅಚ್ಚಾಗಿ ಬರುತ್ತೆ.

ಹೋದ ತಿಂಗಳು ನಮ್ಮ ಓದುಗುಂಪಿನ ಹುಡುಗರು ಸೇರಿ ಇಂಡಕ್ಷನ್ ಒಲೆ ತಂದು ಹಾಟ್‌ಪಾಟ್ ಮಾಡಿದ್ರು. ಕೋಣದ ಬೋಟಿ, ಬ್ಯಾಡಗಿ ಮೆಣಸಿನಕಾಯಿ, ಮಂಗಳೂರಿನಿಂದ ತರಿಸಿದ ಜುಮ್ಮನಕಾಯಿ. ಒಬ್ಬ ಹುಡುಗಿ ರಾಗಿ ಮುದ್ದೆ ಮಾಡ್ಕೊಂಡು ಬಂದಿದ್ದಳು, ಎಸರಿಗೆ ಚೆನ್ನಾಗಿ ಹೊಂದಿತು. ಹನ್ನೊಂದು ಜನ, ತಲಾ 90 ರೂಪಾಯಿ. ಪಾತ್ರೆ ಒಂದೇ. ಅವರಲ್ಲಿ ಇಬ್ಬರು ಲಿಂಗಾಯತರ ಮಕ್ಕಳು, ಮನೆಯಲ್ಲಿ ಗೊತ್ತಿಲ್ಲ, ನೀವೂ ಹೇಳಬೇಡಿ.

ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಊರಿನ ಹೋಟೆಲಿನಲ್ಲಿ ನಮ್ಮವರ ಲೋಟ ಎಲ್ಲಿ ಇರ್ತಿತ್ತು, ಯಾವ ಪದಾರ್ಥದ್ದು, ಯಾವ ವರ್ಷದವರೆಗೆ ಇತ್ತು, ಹೇಗೆ ಹೋಯಿತು ಅನ್ನೋದನ್ನ ಕೆಳಗೆ ಬರೆಯಿರಿ. ಮನೆಯಲ್ಲಿ ಹಿರಿಯರಿದ್ರೆ ಇವತ್ತೇ ಕೇಳಿ. ಚಿಪ್ಪು ಕಂಡವರು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ಹೋಟೆಲಿನವರ ಹೆಸರು ಹಾಕಬೇಡಿ. ಊರು, ಕಾಲ, ಲೋಟ ಇಷ್ಟು ಸಾಕು.

ಜೈಭೀಮ್.